ಪಿ-38 ಸ್ವಿಚ್ ಜ್ಯಾಕ್ ಅಂತ ಹೇಳಿ ಸ್ಟೀರಿಯೋ ಜ್ಯಾಕ್ ಕೊಡ್ತಾರೆ, ಹುಷಾರು!

ಬೆಳಗಾವಿ ಪೇಟೆಯಲ್ಲಿ ಎಲೆಕ್ಟ್ರಾನಿಕ್ಸ್ ಸಾಮಾನು ತರುವವರು ದಯವಿಟ್ಟು ಇದನ್ನು ಓದಿ. ಪಿ-38 ಮೈಕ್ ಜ್ಯಾಕ್ (ಮೈಕಿನ ದಪ್ಪ ಪ್ಲಗ್ ಚುಚ್ಚುವ ಸಾಕೆಟ್) ತರುವವರಂತೂ ಓದಲೇಬೇಕು. ಸಿಟ್ಟು ಇನ್ನೂ ಇಳಿದಿಲ್ಲ.

ನಮ್ಮೂರ ಭಜನಿ ಮೇಳಕ್ಕೆ ಆರು ಚಾನೆಲ್ ಮಿಕ್ಸರ್ (ಆರು ಮೈಕಿನ ದನಿ ಕೂಡಿಸುವ ಪೆಟ್ಟಿಗೆ) ಮಾಡಿಕೊಡುವ ಕೆಲಸ ಒಪ್ಪಿಕೊಂಡಿದ್ದೆ. ಮೈಕ್ ಇಲ್ಲದ ಚಾನೆಲ್‌ನ ಇನ್‌ಪುಟ್ ಖಾಲಿ ಬಿಟ್ಟರೆ ಏನಾಗುತ್ತೆ ಅಂತ ನಿಮಗೆ ಗೊತ್ತಲ್ವಾ? ಕರೆಂಟಿನ 50 ಹರ್ಟ್ಜ್ ಗುಂಯ್ ಸದ್ದನ್ನೆಲ್ಲ ಎಳೆದುಕೊಳ್ಳುತ್ತೆ. ಅದಕ್ಕೇ ಸ್ವಿಚ್ ಇರುವ ಜ್ಯಾಕ್ ಬೇಕು. ಅದರ ಸ್ವಿಚ್ ಕಾಲನ್ನು (ತಂತಿ ಬೆಸೆಯುವ ತುದಿ) ಗ್ರೌಂಡಿಗೆ, ಅಂದರೆ ದನಿ ಇಲ್ಲದ ಸೊನ್ನೆ ತಂತಿಗೆ, ಹಾಕಿದರೆ, ಪ್ಲಗ್ ಇಲ್ಲದಾಗ ಇನ್‌ಪುಟ್ ತಾನಾಗಿ ಗ್ರೌಂಡ್ ಆಗುತ್ತೆ. ಪ್ಲಗ್ ಚುಚ್ಚಿದ ಕೂಡಲೇ ಬಿಡಿಸಿಕೊಳ್ಳುತ್ತೆ.

ಇದನ್ನೆಲ್ಲ ಅಂಗಡಿಯವನಿಗೆ ಬಿಡಿಸಿ ಹೇಳಿದ್ದೆ. "ಮೋನೋ, ಸ್ವಿಚ್ ಇರೋದೇ ಬೇಕು" ಅಂದಿದ್ದೆ. ಮೋನೋ ಅಂದರೆ ಒಂದೇ ದನಿಯದು, ಸ್ಟೀರಿಯೋ ಅಂದರೆ ಎರಡು ದನಿಯದು. ಅವನು ಡಬ್ಬಿಯಿಂದ ಒಂದು ತೆಗೆದು ತೋರಿಸಿ, "ಮೂರು ಕಾಲ ಅದಾವಲ್ರಿ ಸರ, ಇದ ಸ್ವಿಚ್ ಜ್ಯಾಕ್" ಅಂದ. ಎಷ್ಟು ಧೈರ್ಯವಾಗಿ ಅಂದ!

ಆರು ಜ್ಯಾಕ್ ತಂದು ಮಿಕ್ಸರಿಗೆ ಕೂಡಿಸಿ ಕೊಟ್ಟೆ. ಮೈಕ್ ಎಲ್ಲ ಚುಚ್ಚಿದ್ದಾಗ ಚೊಕ್ಕ ಇತ್ತು. ಭಜನಿ ನಡುವೆ ಯಾರೋ ಎರಡು ಮೈಕ್ ಕಿತ್ತರು, ವಾಲ್ಯೂಮ್ ಹಾಗೇ ಬಿಟ್ಟರು. ಗುಡಿ ತುಂಬ ಗುಂಯ್ ಅಂತ ಸದ್ದು. ಹಿರಿಯರೆಲ್ಲ ನನ್ನ ಕಡೆ ತಿರುಗಿ ನೋಡಿದರು. ಎಲ್ಲಿ ಮುಖ ಇಟ್ಟುಕೊಳ್ಳಲಿ?

ಮನೆಗೆ ತಂದು ಮಲ್ಟಿಮೀಟರ್ ಹಚ್ಚಿದೆ. ಎರಡು ಕಾಲು ಒಳಗೆ ಕೂಡಿದ್ದರೆ ಅದು ಬೀಪ್ ಅನ್ನುತ್ತೆ. ಪ್ಲಗ್ ಇಲ್ಲದಾಗ ಟಿಪ್ ಕಾಲಿಗೂ (ಪ್ಲಗ್ಗಿನ ತುದಿಗೆ ತಾಗಿ ದನಿ ತರುವುದು) ಸ್ವಿಚ್ ಕಾಲಿಗೂ ಬೀಪ್ ಬರಬೇಕು. ಬರಲಿಲ್ಲ. ಮೋನೋ ಪ್ಲಗ್ ಚುಚ್ಚಿದೆ. ಆಗ ಬೀಪ್ ಬಂತು, ಆದರೆ ಆ ಸ್ವಿಚ್ ಕಾಲಿಗೂ ಗ್ರೌಂಡ್ ಕಾಲಿಗೂ ಮಧ್ಯೆ! ಅಂಗಡಿಯವನು ಸ್ವಿಚ್ ಅಂದಿದ್ದ ಕಾಲು ರಿಂಗ್ ಕಾಲು, ಅಂದರೆ ಸ್ಟೀರಿಯೋದ ಎರಡನೇ ದನಿಯದು. ಸ್ವಿಚ್ಚೇ ಇಲ್ಲದ ಸ್ಟೀರಿಯೋ ಜ್ಯಾಕ್. ಆರಕ್ಕೆ ಆರೂ ಅದೇ. ನಾನು ಬಿಡಿಸಿ ಕೇಳಿದರೂ ಮುಖ ನೋಡಿಕೊಂಡೇ ಸುಳ್ಳು ಹೇಳಿದನಲ್ಲ, ಅದು ಹೊಟ್ಟೆ ಉರಿಸುತ್ತೆ.

ಫೋನ್ ಮಾಡಿದೆ. "ಎಲ್ಲಾ ಒಂದ ಬರ್ತಾವ್ರಿ" ಅಂದ. ಒಂದೇ ಅಲ್ಲ ಅಂತ ಮೀಟರ್ ಲೆಕ್ಕ ಹೇಳಿದೆ. "ಹಂಗಿದ್ರ ಟಿಪ್ಪಿಂದ ಗ್ರೌಂಡಿಗೆ ಒಂದ್ ವಾಯರ್ ಹಾಕಿ ಬಿಡ್ರಿ, ಸದ್ದು ಹೋಗತೈತಿ" ಅಂದ. ಸದ್ದು ಹೋಗುತ್ತೆ ನಿಜ, ಮೈಕಿನ ದನಿಯೂ ಹೋಗುತ್ತೆ! ಚುಚ್ಚಿದ ಮೈಕೂ ಗ್ರೌಂಡ್ ಆದರೆ ಹಾಡುವವರು ಏನು ಮಾಡಬೇಕು? ವಾಪಸ್ ತಗೋ ಅಂದರೆ, "ಸೋಲ್ಡರ್ ಆದ ಮಾಲ್ ತಗೊಳ್ಳಂಗಿಲ್ರಿ" ಅಂದು ಇಟ್ಟುಬಿಟ್ಟ. ಆಮೇಲೆ ಫೋನೇ ಎತ್ತಲಿಲ್ಲ. ಜ್ಯಾಕ್ ಕೀಳುವಾಗ ಬೋರ್ಡಿನ ತಾಮ್ರವೂ ಎದ್ದು ಬಂತು. ಅದರ ದುಡ್ಡು ಯಾರು ಕೊಡ್ತಾರೆ?

ಮೂರು ಕಾಲು ಇವೆ ಅಂತ ಯಾರು ಹೇಳಿದರೂ ನಂಬಬೇಡಿ. ಮೀಟರ್, ಒಂದು ಮೋನೋ ಪ್ಲಗ್ ಕಿಸೆಯಲ್ಲಿ ಇಟ್ಟುಕೊಂಡು ಹೋಗಿ. ಖಾಲಿ ಇದ್ದಾಗ ಸ್ವಿಚ್ ಕಾಲಿಗೂ ಟಿಪ್ ಕಾಲಿಗೂ ಬೀಪ್ ಬರಬೇಕು, ಪ್ಲಗ್ ಚುಚ್ಚಿದಾಗ ಆ ಬೀಪ್ ನಿಲ್ಲಬೇಕು. ದುಡ್ಡು ಕೊಡೋ ಮುಂಚೆ ಅಲ್ಲೇ ನೋಡಿ, ಒಂದೊಂದನ್ನೂ ನೋಡಿ. ಮೀಟರ್ ಹಚ್ಚಬೇಡಿ ಅಂದರೆ ಅಲ್ಲಿಂದ ಎದ್ದು ಬನ್ನಿ.