ದೊಡ್ಡ ನಂಬರ್‌ಗಳ ಆಪ್: ಕ್ವಿಕ್ ಚೆಕ್ ನಂಬಬೇಡಿ, ಫುಲ್ ರಿಪೋರ್ಟ್ ಮಾತ್ರ ಸೂಪರ್

ದೊಡ್ಡ ಪೂರ್ಣ ಸಂಖ್ಯೆ ಒಂದನ್ನ ಟೈಪ್ ಮಾಡಿದ್ರೆ ಅದು ಪ್ರೈಮಾ ಅಲ್ವಾ, ಫ್ಯಾಕ್ಟರ್ ಯಾವ್ಯಾವು, ಯಾವ ಗುಂಪಿಗೆ ಸೇರುತ್ತೆ ಅಂತೆಲ್ಲ ಹೇಳೋ ಆಪ್ ಇದು, ಮೂರು ವಾರದಿಂದ ಬಳಸ್ತಿದೀನಿ. ಇಂಥದ್ದು ಯಾವುದೇ ಸಿಕ್ಕಿದ್ರೂ ನಾನು ಮೊದಲು ಹಾಕೋದು 4294967297, ಅಂದ್ರೆ 2ರ ಘಾತ 32ಕ್ಕೆ 1 ಕೂಡಿಸಿದ್ದು. ಗಣಿತಜ್ಞ ಫರ್ಮಾ ಇದನ್ನ ಪ್ರೈಮ್ ಅಂತಾನೇ ನಂಬಿದ್ದ, 1732ರಲ್ಲಿ ಇನ್ನೊಬ್ಬ ಗಣಿತಜ್ಞ ಆಯ್ಲರ್ ಬಂದು 641ರಿಂದ ಭಾಗ ಹೋಗುತ್ತೆ ಅಂತ ತೋರಿಸಿದ.

ಕ್ವಿಕ್ ಚೆಕ್ ಒತ್ತಿದೆ. ಪ್ರೈಮ್ ಅಂತ ಹಸಿರು ಟಿಕ್ ಬಂತು! ಅನುಮಾನ ಬಂದು 341 ಹಾಕಿದೆ, ಅದಕ್ಕೂ ಟಿಕ್, ಅದು 11×31 ಅಷ್ಟೇ. ಆಗ ಗೊತ್ತಾಯ್ತು, ಒಳಗೆ ನಡೀತಿರೋದು ಬೇಸ್ 2ರ ಫರ್ಮಾ ಟೆಸ್ಟ್ ಒಂದೇ. ನಂಬರಿಗಿಂತ ಒಂದು ಕಮ್ಮಿ ಘಾತಕ್ಕೆ 2ನ್ನ ಏರಿಸಿ ಅದೇ ನಂಬರಿಂದ ಭಾಗಿಸೋದು, ಬೆಸ ಪ್ರೈಮ್ ಆಗಿದ್ರೆ ಶೇಷ 1 ಬರಲೇಬೇಕು, ಆದ್ರೆ ಶೇಷ 1 ಬಂದ ಮಾತ್ರಕ್ಕೆ ಪ್ರೈಮ್ ಆಗಲ್ಲ. 4294967297ರಲ್ಲಂತೂ 2ರ ಘಾತ 64ಕ್ಕೇ ಶೇಷ 1 ಬಂದುಬಿಡುತ್ತೆ, 4294967296 ಅನ್ನೋದು 64ರ ಅಪವರ್ತ್ಯ ಬೇರೆ, ಹಾಗಾಗಿ ಈ ಟೆಸ್ಟ್‌ಗೆ ಅದು ಸಿಗೋಕೆ ಸಾಧ್ಯನೇ ಇಲ್ಲ. ಬೇಸ್ 3, ಅಂದ್ರೆ 2ರ ಜಾಗದಲ್ಲಿ 3 ಇಟ್ಟಿದ್ರೆ ಅಲ್ಲೇ ಸಿಕ್ಕಿಬೀಳ್ತಿತ್ತು. ಕಲಿಯೋ ಮಕ್ಕಳೂ ಬಳಸೋ ಆಪಲ್ಲಿ ಇದು ಸಣ್ಣ ತಪ್ಪಲ್ಲ, ಕನಿಷ್ಠ "ಪ್ರೈಮ್ ಇರಬಹುದು" ಅಂತಾದ್ರೂ ತೋರಿಸಬೇಕು.

ಫುಲ್ ರಿಪೋರ್ಟ್ ಬೇರೆಯದೇ ಲೆವೆಲ್. 641×6700417 ಅಂತ ಬಿಡಿಸಿ ಕೊಡ್ತು, ಒಟ್ಟು 4 ಭಾಜಕ, ತನ್ನನ್ನ ಬಿಟ್ಟು ಉಳಿದವನ್ನ ಕೂಡಿದ್ರೆ 6701059 ಮಾತ್ರ, ಅಂದ್ರೆ ಪರಿಪೂರ್ಣ ಸಂಖ್ಯೆ (ಈ ಮೊತ್ತ ಆ ಸಂಖ್ಯೆಗೇ ಸಮ ಇರೋದು) ಹತ್ತಿರಕ್ಕೂ ಬರಲ್ಲ. ಬೈನರಿಯಲ್ಲಿ ಎರಡು ತುದಿಗೆ 1, ನಡುವೆ 31 ಸೊನ್ನೆ, ಹಿಂದೆ ಮುಂದೆ ಹೇಗೆ ಓದಿದ್ರೂ ಒಂದೇ.

ನಂಗೆ ತುಂಬಾ ಖುಷಿ ಕೊಟ್ಟಿದ್ದು ಎರಡು ವರ್ಗಗಳ ಮೊತ್ತದ ಭಾಗ. 65536ರ ವರ್ಗಕ್ಕೆ 1 ಕೂಡಿಸಿದ್ರೆ ಈ ನಂಬರ್ ಅನ್ನೋದು ನೋಡಿದ ತಕ್ಷಣ ಗೊತ್ತಾಗುತ್ತೆ, ಆದ್ರೆ 62264ರ ವರ್ಗ ಮತ್ತು 20449ರ ವರ್ಗ ಕೂಡಿದ್ರೂ ಇದೇ ಬರುತ್ತೆ ಅಂತ ತೋರಿಸ್ತು, ನಾನು ಪೇಪರ್ ಮೇಲೆ ಗುಣಿಸಿ ನೋಡಿದೆ, ಪಕ್ಕಾ ಸರಿ. ಪ್ರೈಮ್ ಒಂದನ್ನ ಎರಡು ವರ್ಗಗಳ ಮೊತ್ತವಾಗಿ ಬರೆಯೋಕೆ ಆಗೋದಾದ್ರೆ ಒಂದೇ ಒಂದು ರೀತಿ ಇರುತ್ತೆ, ಎರಡನೇದು ಸಿಕ್ತು ಅಂದ್ರೆ ಫ್ಯಾಕ್ಟರ್ ಹುಡುಕೋ ಮುಂಚೇನೇ ಪ್ರೈಮ್ ಅಲ್ಲ ಅಂತ ಸಾಬೀತಾಗೋಯ್ತು. ಇದನ್ನ ಆಪ್ ಕೆಳಗೆ ಒಂದು ಸಾಲಲ್ಲಿ ವಿವರಿಸಿದೆ ಕೂಡ, ಅದಕ್ಕೇ ಒಂದು ಸ್ಟಾರ್ ಜಾಸ್ತಿ.

147573952589676412927 ಕೂಡ ಹಾಕಿದೆ, 2ರ ಘಾತ 67ರಲ್ಲಿ 1 ಕಳೆದದ್ದು. ಗಣಿತಜ್ಞ ಲೂಕಾಸ್ 1876ರಲ್ಲಿ ಪ್ರೈಮ್ ಅಲ್ಲ ಅಂದ, ಫ್ಯಾಕ್ಟರ್ ಸಿಕ್ಕಿದ್ದು 1903ರಲ್ಲಿ ಕೋಲ್ ಅನ್ನೋ ಗಣಿತಜ್ಞನಿಗೆ. ಇಲ್ಲಿ 193707721×761838257287 ಕಣ್ಣು ಮಿಟುಕಿಸೋದ್ರಲ್ಲಿ ಬಂತು. ಕ್ವಿಕ್ ಚೆಕ್ ಇದನ್ನೂ ಪ್ರೈಮ್ ಅಂದಿತ್ತು.

5ಕ್ಕೆ 4. ಇನ್ನೊಂದು ವಿಷಯ, ಕಾಮಾ ಇರೋ ನಂಬರ್ ಪೇಸ್ಟ್ ಮಾಡ್ಬೇಡಿ, ಮೊದಲ ಕಾಮಾವರೆಗೆ ಮಾತ್ರ ಓದುತ್ತೆ. ಪರಿಪೂರ್ಣ ಸಂಖ್ಯೆ 33,550,336 ಹಾಕಿದ್ರೆ 33ರ ರಿಪೋರ್ಟ್ ಬಂತು.