ಲಿವರ್ ಬೆಂಡರೋ ಜ್ಯಾಕ್ ಬೆಂಡರೋ: ಮಲೆನಾಡಿನ ಜಿಐ ಪೈಪಿಗೆ ಯಾವುದು ಸೈ

ಗುಡ್ಡದ ಅಬ್ಬಿಯಿಂದ ತಾನಾಗಿ ಹರಿದು ಬರುವ ನೀರಿನ ಲೈನಿನಲ್ಲಿ ಒತ್ತಡ ಮೊದಲೇ ಕಡಿಮೆ. ತಿರುವಿಗೊಂದು ಎಲ್ಬೋ ಹಾಕುತ್ತ ಹೋದರೆ ನೀರು ಸೊರಗುತ್ತದೆ, ತರಗೆಲೆ ಚೂರು ಅಲ್ಲೇ ಕಟ್ಟಿಕೊಳ್ಳುತ್ತದೆ, ಸೋರಲು ಎರಡೆರಡು ಥ್ರೆಡ್ ಸಿಗುತ್ತವೆ. ಜಿಐ, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪನ್ನೇ ಬಗ್ಗಿಸುವುದು ಮೇಲು. ಅದಕ್ಕೆ ಎರಡು ಕೈ ಯಂತ್ರಗಳಿವೆ: ಉದ್ದ ಹಿಡಿಯ ಲಿವರ್ ಬೆಂಡರ್, ಮತ್ತು ಪಂಪು ಹೊಡೆಯುವ ಹೈಡ್ರಾಲಿಕ್, ಅಂದರೆ ಜ್ಯಾಕ್ ಬೆಂಡರ್. ಎರಡಕ್ಕೂ ಹಾಕಿ ನೋಡಿದ್ದು ನೀಲಿ ಪಟ್ಟಿಯ ಮೀಡಿಯಂ ಪೈಪು.

ಅರ್ಧ ಇಂಚಿಗೆ ಲಿವರೇ ಸರಿ. 2.6 ಮಿ.ಮೀ. ದಪ್ಪದ ಗೋಡೆ, ಒಬ್ಬರೇ ಎಳೆದರೆ ಬಗ್ಗುತ್ತದೆ. ಯಂತ್ರವನ್ನು ಹೆಗಲ ಮೇಲಿಟ್ಟು ತೋಟಕ್ಕೆ ಇಳಿಸಬಹುದು. ಮುಕ್ಕಾಲು ಇಂಚಿಗೆ ಬೆವರಿಳಿಯುತ್ತದೆ. ಒಂದು ಇಂಚಿಗೆ (ಹೊರವ್ಯಾಸ ಸುಮಾರು 33.7 ಮಿ.ಮೀ.) ಹಿಡಿಗೆ ಇನ್ನೊಂದು ಪೈಪು ತೂರಿಸಿ ಎಳೆಯುವ ಆಸೆ ಬರುತ್ತದೆ. ಬೇಡ: ಮೊದಲು ಸೋಲುವುದು ಪೈಪಲ್ಲ, ನಡುವಿನ ಪಿನ್ನು. ಪಿನ್ನು ಸವೆದು ಅಲುಗಾಡತೊಡಗಿದರೆ ರೋಲರಿಗೂ ಪೈಪು ಕೂರುವ ತೋಡಿರುವ ಡೈಗೂ ನಡುವೆ ಸಂದು ಬಿದ್ದು ಬಾಗಿನ ಒಳಮೈ ಸುಕ್ಕುಗಟ್ಟುತ್ತದೆ. ಆಗ ಪೈಪನ್ನು ಬೈದು ಪ್ರಯೋಜನವಿಲ್ಲ, ಪಿನ್ನು, ಬುಷ್ ಬದಲಿಸಬೇಕು. ಉಳಿದಂತೆ ಲಿವರ್ ಬೆಂಡರಿಗೆ ಬೇಕಾದ್ದು ಪಿನ್ನಿಗೆ, ರೋಲರ್ ತಿರುಗುವ ಅಚ್ಚಿಗೆ ಗ್ರೀಸು, ಡೈ ತೋಡಿನಲ್ಲಿ ಅಂಟಿದ ಸತುವಿನ ಚೂರು ತೆಗೆಯಲು ತಂತಿ ಬ್ರಷ್ಷು. ಅಷ್ಟೇ.

ಒಂದು ಇಂಚಿನಿಂದ ಮೇಲೆ ಜ್ಯಾಕ್ ಬೆಂಡರಿಗೆ ಎದುರಿಲ್ಲ. ಆದರೆ ಹೊರಲು ಇಬ್ಬರು ಬೇಕು, ಮಳೆಗಾಲದಲ್ಲಿ ಚಾಕರಿಯೂ ಬೇಕು.

ಪೈಪು ಚಪ್ಪಟೆಯಾದರೆ ಮೊದಲು ನೋಡಬೇಕಾದ್ದು ಡೈ. ಜಿಐ ಡೈ ಮೇಲಿನ ಅಳತೆ ಪೈಪಿನ ಹೆಸರಿನದು (ಅರ್ಧ ಇಂಚು, ಮುಕ್ಕಾಲು ಇಂಚು ಎಂದು ಕರೆಯುವ ಅಳತೆ), ಹೊರವ್ಯಾಸದ್ದಲ್ಲ. ಹಂಡೆಗೋ ಸೋಲಾರಿಗೋ ತಂದ 22 ಮಿ.ಮೀ. ತಾಮ್ರದ ಪೈಪನ್ನು ಮುಕ್ಕಾಲು ಇಂಚಿನ ಜಿಐ ಡೈಗೆ ಹಾಕಿದರೆ ಅದು ತೋಡಿನಲ್ಲಿ ಹರವಿಕೊಳ್ಳುತ್ತದೆ, ಯಾಕೆಂದರೆ ಆ ತೋಡು ಸುಮಾರು 27 ಮಿ.ಮೀ.ಗೆ ಕೊರೆದದ್ದು. ಎರಡು ಬದಿಯ ರೋಲರ್ ಪಿನ್ನು ಮಧ್ಯದಿಂದ ಒಂದೇ ಎಣಿಕೆಯ ತೂತಿನಲ್ಲಿರಬೇಕು. ಒಂದು ತೂತು ತಪ್ಪಿದರೂ ಎಣ್ಣೆಯ ಒತ್ತಡದಿಂದ ಚಾಚಿ ಡೈಯನ್ನು ತಳ್ಳುವ ದಂಡಕ್ಕೆ, ಅಂದರೆ ರ‍್ಯಾಮಿಗೆ ಅಡ್ಡ ಒತ್ತಡ ಬಿದ್ದು ಸೀಲು ಹಾಳು. ಪೈಪಿನ ವೆಲ್ಡ್ ಗೆರೆ ಬಾಗಿನ ಹೊರಗೂ ಅಲ್ಲ, ಒಳಗೂ ಅಲ್ಲ, ಪಕ್ಕಕ್ಕೆ ಬರಲಿ. ಒತ್ತಡ ಬಿಟ್ಟಾಗ ಪೈಪು ಕೊಂಚ ಹಿಂದೆ ನೆಗೆಯುವುದರಿಂದ 90 ಡಿಗ್ರಿ ಬೇಕಿದ್ದರೆ ಎರಡು ಮೂರು ಡಿಗ್ರಿ ಹೆಚ್ಚು ಬಗ್ಗಿಸಿ.

ಹಿಡಿ ಹೊಡೆದಾಗ ಮೆತ್ತಗೆನಿಸಿದರೆ ಎಣ್ಣೆಯಲ್ಲಿ ಗಾಳಿ ಸೇರಿದೆ. ರಿಲೀಸ್ ವಾಲ್ವ್ ಬಿಚ್ಚಿ, ಎಣ್ಣೆ ಮುಚ್ಚಳ ಸಡಿಲಿಸಿ, ಭಾರವಿಲ್ಲದೆ ಹತ್ತು ಹದಿನೈದು ಸಲ ಹೊಡೆಯಿರಿ. ಏರಿದ ರ‍್ಯಾಮು ತಾನಾಗಿ ಹಿಂಜರಿದರೆ ವಾಲ್ವಿನ ಗುಂಡಿನ ಕೆಳಗೆ ಕಸ ಕೂತಿರಬಹುದು. ವಾಲ್ವ್ ಬಿಚ್ಚಿದರೂ ಹಿಂದಕ್ಕೆ ಬಾರದಿದ್ದರೆ ಒಳಗಿನ ಸ್ಪ್ರಿಂಗ್ ತುಂಡಾಗಿರಬಹುದು, ರ‍್ಯಾಮು ಬಾಗಿಯೂ ಇರಬಹುದು.

ಎಣ್ಣೆ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದರೆ ನೀರು ಸೇರಿದೆ ಎಂದೇ ಅರ್ಥ. ಆಗುಂಬೆ ಕಡೆಯ ಆಷಾಢದಲ್ಲಿ ಯಂತ್ರವನ್ನು ಹೊರಗಿಟ್ಟರೆ ಇದಾಗಲು ತಡವಿಲ್ಲ. ಪೂರ್ತಿ ಬಸಿದು, ರ‍್ಯಾಮನ್ನು ಒಳಕ್ಕೆ ತಂದಿಟ್ಟು, 32ರ ದರ್ಜೆಯ (ಎಣ್ಣೆಯ ಮಂದತೆಯ ಅಂಕೆ) ಹೈಡ್ರಾಲಿಕ್ ಎಣ್ಣೆ ತುಂಬಿ. ಕೈಗೆ ಸಿಕ್ಕಿತೆಂದು ಬ್ರೇಕ್ ಆಯಿಲ್ ಸುರಿದರೆ ರಬ್ಬರ್ ಸೀಲುಗಳು ಉಬ್ಬಿ ಕೆಡುತ್ತವೆ.

ಮೂರನೆಯ ದಾರಿ ಮರಳು ತುಂಬಿ ಕಾಯಿಸಿ ಬಗ್ಗಿಸುವುದು. ಜಿಐಗೆ ಅದು ಬೇಡವೇ ಬೇಡ: ಸತುವಿನ ಹೊಗೆ ಕುಡಿದವರಿಗೆ ಜ್ವರ ಬರುತ್ತದೆ, ಮಳೆಗಾಲದ ತೇವದ ಮರಳು ಮುಚ್ಚಿದ ಪೈಪಿನೊಳಗೆ ಹಬೆಯಾಗಿ ಬಿರಡೆಯನ್ನೇ ಸಿಡಿಸೀತು.

ತಣ್ಣಗೆ ಬಗ್ಗಿಸಿದರೂ ಹೊರಬಾಗಿನಲ್ಲಿ ಸತು ಬಿರಿಯುವುದುಂಟು. ಅಲ್ಲಿ ಉಜ್ಜಿ ಜಿಂಕ್ ಪೇಂಟ್ ಬಳಿಯಿರಿ. ಕೆಲಸ ಮುಗಿದ ಮೇಲೆ ರ‍್ಯಾಮು ಒಳಗೆ, ಡೈಗಳಿಗೆ ತೆಳು ಎಣ್ಣೆ, ಎತ್ತರದ ಹಲಗೆಯ ಮೇಲೆ ಜಾಗ. ಗೋಣಿಚೀಲ ಸುತ್ತಬೇಡಿ, ಅದು ತೇವ ಹಿಡಿದುಕೊಂಡು ತುಕ್ಕು ಬರಿಸುತ್ತದೆ.