ಮೈಕ್ರೋಟಿಕ್ ಹೆಕ್ಸ್: ರಾಯಚೂರಿನ ರೀಡಿಂಗ್ ರೂಮ್‌ನಲ್ಲಿ ವರ್ಷಗಟ್ಟಲೆ ಬಳಸಿದ ಮೇಲೆ

ರಾಯಚೂರಿನ ನಮ್ಮ ರೀಡಿಂಗ್ ರೂಮ್‌ಗೆ ಸಿಂಧನೂರು, ಮಾನ್ವಿ, ದೇವದುರ್ಗ ಕಡೆಯ ಹುಡುಗ ಹುಡುಗಿಯರು ಬರುತ್ತಾರೆ. ಕೆಎಎಸ್, ಪಿಎಸ್‌ಐ, ಪಿಡಿಒ ಪರೀಕ್ಷೆಗೆ ಓದುವವರು. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಬೇರೆ ಬೇರೆ ಬ್ಯಾಚ್. ಇಲ್ಲಿನ ನೆಟ್‌ವರ್ಕ್ ನಡೆಯುತ್ತಿರುವುದು ಮೈಕ್ರೋಟಿಕ್ ಹೆಕ್ಸ್ ರೂಟರ್ ಮೇಲೆ, ಆರ್‌ಬಿ750ಜಿಆರ್3 ಮಾದರಿ. ಇದನ್ನು ಕೊಂಡಿದ್ದು ಸ್ಪೀಡಿಗಲ್ಲ, ಡಿಎಚ್‌ಸಿಪಿಗೆ, ಅಂದ್ರೆ ಕನೆಕ್ಟ್ ಆಗುವ ಪ್ರತಿ ಫೋನಿಗೂ ನೆಟ್‌ವರ್ಕ್ ವಿಳಾಸ (ಐಪಿ) ತಾನೇ ಹಂಚುವ ವ್ಯವಸ್ಥೆಗೆ.

ಮೊದಲು ನೆಟ್ ಕನೆಕ್ಷನ್ ಜೊತೆ ಪುಕ್ಕಟೆ ಬಂದ ರೂಟರ್ ಇತ್ತು. ಬೆಳಿಗ್ಗೆ ಎಲ್ಲ ಸರಿ. ಸಂಜೆ ಆದರೆ "ಅಣ್ಣಾ, ವೈಫೈ ಹತ್ತವಲ್ದು" ಅಂತ ಒಬ್ಬೊಬ್ಬರೇ ಬರುತ್ತಿದ್ದರು. ಆಗಲೇ ಕನೆಕ್ಟ್ ಆದವರಿಗೆ ಯೂಟ್ಯೂಬ್ ಕ್ಲಾಸ್ ಸಲೀಸಾಗಿ ಓಡುತ್ತಿತ್ತು. ಅಂದ್ರೆ ಲೈನ್ ಚೆನ್ನಾಗಿದೆ, ಹೊಸಬರಿಗೆ ಕೊಡೋಕೆ ಐಪಿ ವಿಳಾಸ ಉಳಿದಿಲ್ಲ. ಅದರ ಪೂಲ್‌ನಲ್ಲಿ, ಅಂದ್ರೆ ಹಂಚೋಕೆ ಇಟ್ಟ ವಿಳಾಸಗಳ ಗುಂಪಿನಲ್ಲಿ, ಇದ್ದದ್ದು 100 ವಿಳಾಸ. ಲೀಸ್, ಅಂದ್ರೆ ಒಂದು ವಿಳಾಸ ಒಂದು ಫೋನಿನ ಹೆಸರಲ್ಲಿ ಉಳಿಯುವ ಅವಧಿ, 24 ಗಂಟೆ. ಬೆಳಗಿನ ಬ್ಯಾಚಿನವರು ಎದ್ದು ಹೋದರೂ ಅವರ ವಿಳಾಸ ಮರುದಿನದವರೆಗೆ ಖಾಲಿ ಆಗುತ್ತಿರಲಿಲ್ಲ. ಬಸ್ ಸೀಟಿಗೆ ಟವೆಲ್ ಹಾಕಿ ಇಳಿದು ಹೋದ ಹಾಗೆ.

ಹೆಕ್ಸ್‌ನಲ್ಲಿ ಒಂದೊಂದು ಪೋರ್ಟಿಗೂ ಬೇರೆ ಪೂಲ್, ಬೇರೆ ಲೀಸ್ ಇಡಬಹುದು. ನನಗೆ ಬೇಕಿದ್ದದ್ದು ಇದೇ. ಆಫೀಸ್ ಕಂಪ್ಯೂಟರ್, ಪ್ರಿಂಟರ್, ಸಿಸಿಟಿವಿಗೆ ಒಂದು ಚಿಕ್ಕ ಪೂಲ್, ಲೀಸ್ ಒಂದು ದಿನ. ಪ್ರಿಂಟರ್ ವಿಳಾಸ ಬದಲಾಗಬಾರದು ಅಂದ್ರೆ ಯಾರಿಗೆ ಯಾವ ವಿಳಾಸ ಹೋಗಿದೆ ಅಂತ ತೋರಿಸುವ ಲೀಸಸ್ ಪಟ್ಟಿಯಲ್ಲಿ ಅದರ ಸಾಲು ಆರಿಸಿ ಮೇಕ್ ಸ್ಟ್ಯಾಟಿಕ್ ಒತ್ತಿದರೆ ಮುಗೀತು. ವಿದ್ಯಾರ್ಥಿಗಳಿಗೆ 10.10.0.20 ರಿಂದ 10.10.1.250 ರವರೆಗೆ, ಲೀಸ್ 2 ಗಂಟೆ. ಲೀಸ್ ಅರ್ಧ ಮುಗಿಯುತ್ತಿದ್ದ ಹಾಗೆ ಫೋನ್ ತಾನೇ ನವೀಕರಿಸಿಕೊಳ್ಳುತ್ತದೆ. ಹಾಗಾಗಿ ಕೂತು ಓದುವವರ ನೆಟ್ ಕಟ್ ಆಗೋದಿಲ್ಲ. ಎದ್ದು ಹೋದವರ ವಿಳಾಸ ಜಾಸ್ತಿ ಅಂದ್ರೆ 2 ಗಂಟೆಯಲ್ಲಿ ವಾಪಸ್.

ಇಲ್ಲೊಂದು ಎಚ್ಚರ. ಪೂಲ್ ಮಾತ್ರ ಹಿಗ್ಗಿಸಿದರೆ ಸಾಲದು. ವಿಳಾಸದ ಕೊನೆಯ /24 ಅಂದ್ರೆ 256 ವಿಳಾಸದ ಜಾಗ, /23 ಅಂದ್ರೆ ಅದರ ಎರಡರಷ್ಟು. ಪೋರ್ಟಿನ ಐಪಿ ಅಡ್ರೆಸ್ 10.10.0.1/23 ಆಗಬೇಕು, ಡಿಎಚ್‌ಸಿಪಿ ಸರ್ವರ್‌ನ ನೆಟ್‌ವರ್ಕ್ಸ್ ಟ್ಯಾಬ್‌ನಲ್ಲೂ 10.10.0.0/23 ಇರಬೇಕು. ಇವೆರಡೂ ಹಳೆಯ /24 ಆಗಿಯೇ ಉಳಿದರೆ 10.10.1 ಸಾಲಿನ ಫೋನ್‌ಗಳಿಗೆ ನೆಟ್ ಸಿಗೋದಿಲ್ಲ. ಇನ್ನೊಂದು, ಬ್ರಿಡ್ಜ್‌ಗೆ (ಹಲವು ಪೋರ್ಟ್‌ಗಳನ್ನು ಒಂದೇ ನೆಟ್‌ವರ್ಕ್ ಆಗಿ ಜೋಡಿಸುವ ಗುಂಪು) ಸೇರಿಸಿದ ಪೋರ್ಟಿನ ಮೇಲೆ ಡಿಎಚ್‌ಸಿಪಿ ಸರ್ವರ್ ಇಟ್ಟರೆ ಆ ಸಾಲು ಕೆಂಪಾಗಿ ನಿಂತುಬಿಡುತ್ತದೆ. ಮೊದಲು ಪೋರ್ಟನ್ನು ಬ್ರಿಡ್ಜ್‌ನಿಂದ ತೆಗೆಯಿರಿ.

ಲೀಸಸ್ ಪಟ್ಟಿ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ನಮ್ಮಲ್ಲಿ ಒಂದೇ ಫೋನಿನ ಹೆಸರು ಎರಡು ಸಾಲಲ್ಲಿ ಕಾಣುತ್ತಿತ್ತು, ಮ್ಯಾಕ್ ಅಡ್ರೆಸ್ (ನೆಟ್‌ವರ್ಕ್‌ನಲ್ಲಿ ಫೋನನ್ನು ಗುರುತಿಸುವ ಸಂಖ್ಯೆ) ಮಾತ್ರ ಬೇರೆ. ಆಂಡ್ರಾಯ್ಡ್ 10 ರಿಂದ ಈಚೆಗೆ ಫೋನ್‌ಗಳು ಸಾಮಾನ್ಯವಾಗಿ ತಮ್ಮ ನಿಜವಾದ ಮ್ಯಾಕ್ ಕೊಡೋದಿಲ್ಲ, ಪ್ರತಿ ವೈಫೈ ಹೆಸರಿಗೂ ಬೇರೊಂದು ಮ್ಯಾಕ್ ಹುಟ್ಟಿಸಿಕೊಳ್ಳುತ್ತವೆ. ಕೆಳಗಿನ ಮಹಡಿಗೆ ಒಂದು ಹೆಸರು, ಮೇಲಿನದಕ್ಕೆ ಇನ್ನೊಂದು ಇದ್ದದ್ದರಿಂದ ಮೆಟ್ಟಿಲು ಹತ್ತಿದವರೆಲ್ಲ ಎರಡೆರಡು ವಿಳಾಸ ಹಿಡಿಯುತ್ತಿದ್ದರು. ಎರಡಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಇಟ್ಟ ಮೇಲೆ ಪಟ್ಟಿ ಎಷ್ಟೋ ಚಿಕ್ಕದಾಯಿತು. ಇದು ಇಷ್ಟು ಸ್ಪಷ್ಟವಾಗಿ ಕಾಣುತ್ತದೆ ಅನ್ನೋದೇ ನನಗೆ ಈ ರೂಟರ್ ಮೇಲೆ ಪ್ರೀತಿ ಬರಲು ದೊಡ್ಡ ಕಾರಣ.

ಕರೆಂಟ್ ಹೋಗಿ ಬಂದರೂ ಲೀಸ್ ಪಟ್ಟಿ ಅಳಿಸಿ ಹೋಗೋದಿಲ್ಲ. ಆಗಾಗ ಡಿಸ್ಕ್‌ಗೆ ಬರೆದುಕೊಳ್ಳುತ್ತದೆ. ವಿಳಾಸ ಕೊಡುವ ಮುಂಚೆ ಅದನ್ನು ಬೇರೆ ಯಾರಾದರೂ ಬಳಸುತ್ತಿದ್ದಾರಾ ಅಂತಲೂ ಪರೀಕ್ಷಿಸುತ್ತದೆ. 8 ರಿಂದ 30 ವೋಲ್ಟ್ ಡಿಸಿ ಯಾವುದಾದರೂ ನಡೆಯೋದರಿಂದ 12 ವೋಲ್ಟ್ ಬ್ಯಾಟರಿ ಬ್ಯಾಕಪ್ ಸಾಕು. ಫ್ಯಾನ್ ಇಲ್ಲ, ನಮ್ಮ ಊರಿನ 40 ಡಿಗ್ರಿ ದಾಟುವ ಬೇಸಿಗೆಯಲ್ಲೂ ಕೈಕೊಟ್ಟಿಲ್ಲ.

ಕೊರತೆ ಇಲ್ಲ ಅಂತಲ್ಲ. ಇದರಲ್ಲಿ ವೈಫೈ ಇಲ್ಲವೇ ಇಲ್ಲ, ವೈಫೈ ಹರಡುವ ಆಕ್ಸೆಸ್ ಪಾಯಿಂಟ್ ಖರ್ಚು ಬೇರೆ. ಈ ರೂಟರ್ ಸೆಟ್ ಮಾಡುವ ಪ್ರೋಗ್ರಾಂ ಆದ ವಿನ್‌ಬಾಕ್ಸ್ ತೆರೆದರೆ ಹೊಸಬರಿಗೆ ತಲೆ ತಿರುಗುವಷ್ಟು ಮೆನು, ಎಲ್ಲ ಇಂಗ್ಲಿಷಿನಲ್ಲಿ. ಡಿಎಚ್‌ಸಿಪಿ ಸೆಟಪ್ ಬಟನ್ ಒಂದೊಂದೇ ಪ್ರಶ್ನೆ ಕೇಳಿ ಮುಗಿಸುತ್ತದೆ, ಅಲ್ಲಿಂದ ಶುರು ಮಾಡಿ. ಮನೆಯಲ್ಲಿ ನಾಲ್ಕೈದು ಫೋನ್ ಇರುವವರಿಗೆ ಇದು ಬೇಡ. ಲಾಡ್ಜ್, ಪಿಜಿ, ಕೋಚಿಂಗ್ ನಡೆಸುವವರು ಮಾತ್ರ ಧೈರ್ಯವಾಗಿ ತಗೊಳ್ಳಿ. ಅದಕ್ಕೂ ಮುಂಚೆ ಈಗಿರುವ ರೂಟರ್‌ನಲ್ಲಿ ಲೀಸ್ ಟೈಮ್ ಎಷ್ಟಿದೆ ನೋಡಿ. ಅದನ್ನು ಇಳಿಸೋಕೆ ಆಗುತ್ತೆ ಅಂದ್ರೆ ಒಂದು ವಾರ ಹಾಗೇ ನಡೆಸಿ, ಆಮೇಲೆ ದುಡ್ಡು ಹಾಕಿ.